ತರಗು ಬೆಂಕಿಯೂ ಲಂಟಾನವೂ



ಕಾಡು ಉಳಿಯಬೇಕಾದರೆ ಕಾಡಿನ ಜನ ಹೊರಗಿರಬೇಕೆಂಬ ಅಭಿಪ್ರಾಯ ನಮ್ಮ ಬೆಳೆಗಾರರಲ್ಲಿಯೂ ಉಂಟು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಅನುಭವ ಹಾಗಿಲ್ಲ. ಅಲ್ಲಿ ಕಾಡು, ಕಾಫಿ ತೋಟ, ಸೋಲಿಗರ ಪೋಡು ಒತ್ತೊತ್ತಾಗಿವೆ. ಸೋಲಿಗರಲ್ಲಿ ಅನೇಕರು ನಮ್ಮಂತೆಯೇ ಸಣ್ಣ ಕಾಫಿ ಬೆಳೆಗಾರರು.

1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾಯಿತು. ಸೋಲಿಗರ ಕುಮರಿ ಬೇಸಾಯ ನಿಂತಿತು. ಜೊತೆಗೆ ‘ತರಗು ಬೆಂಕಿ’ಯೂ ನಿಂತಿತು. ಬೇಸಿಗೆ ಬಲಿಯುವ ಮೊದಲೇ, ತರಗೆಲೆ ತೆಳ್ಳಗಿರುವಾಗ, ನೆಲದ ಮೇಲಷ್ಟೇ ಹಾಯಿಸುತ್ತಿದ್ದ ಸಣ್ಣ ಬೆಂಕಿಯದು. ಅದರಿಂದ ಲಂಟಾನದ ಸಸಿ ಸಾಯುತ್ತಿತ್ತು, ನೆಲ್ಲಿಮರದ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು ಎಂಬುದು ಸೋಲಿಗರ ವಾದ. ಈ ಬಂದಳಿಕೆಗೆ ಅವರು ‘ಉಪ್ಪಿಲು’ ಎನ್ನುತ್ತಾರೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಸೋಲಿಗರೊಡನೆ ವರ್ಷಗಟ್ಟಲೆ ನೆಲ್ಲಿಮರಗಳನ್ನು ಅಳೆದು ನೋಡಿದರು. ಕಾಯಿ ಕೀಳುವುದಕ್ಕಿಂತ ಬಂದಳಿಕೆ, ಲಂಟಾನಗಳ ಕೇಡೇ ದೊಡ್ಡದೆಂದು ಕಂಡುಬಂತು.

ಲಂಟಾನವಂತೂ ಆಳೆತ್ತರ ಬೆಳೆದು ಹುಲ್ಲನ್ನೂ ಮರದ ಸಸಿಗಳನ್ನೂ ಮುಚ್ಚಿಬಿಟ್ಟಿದೆ. ಒಣಗಿದರೆ ಅದು ಒಟ್ಟಿದ ಸೌದೆ. ಕಿಡಿ ಬಿದ್ದರೆ ಬೆಂಕಿ ನೆಲ ಬಿಟ್ಟು ಮರದ ತಲೆಗೇರುತ್ತದೆ. ಬಿಸಿಲು ಹೆಚ್ಚಿ ಹೂಮಳೆಯ ಲೆಕ್ಕ ತಪ್ಪುತ್ತಿರುವಾಗ ಈ ಭಯ ಕಾಡಂಚಿನ ತೋಟಕ್ಕೇ ಮೊದಲು.

ಸೋಲಿಗರು ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಜೇನು, ನೆಲ್ಲಿ, ಪಾಚಿ ಮಾರುತ್ತಿದ್ದರು. ವನ್ಯಜೀವಿ ಕಾಯಿದೆಯ ತಿದ್ದುಪಡಿಯಿಂದ 2006ರ ಸುಮಾರಿಗೆ ಅದಕ್ಕೂ ತಡೆ ಬಿತ್ತು. ಸರಕಿಲ್ಲದ ಸಂಘದ ಗತಿಯೇನೆಂದು ಸಹಕಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ! 2011ರಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ದೊರೆತದ್ದು ದೊಡ್ಡ ಮಾತೇ. ಆದರೆ ಹಕ್ಕುಪತ್ರ ಕೊಟ್ಟರಷ್ಟೇ ಸಾಲದು, ಕಾಡಿನ ನಿರ್ವಹಣೆಯಲ್ಲಿ ಅವರ ಮಾತೂ ನಡೆಯಬೇಕೆಂದು ನಮ್ಮ ಅಭಿಪ್ರಾಯ.

ಯರಗಟ್ಟಿ ಕಡೆಯವರು ‘ಆ ಬೆಟ್ಟದ ಸುದ್ದಿ ನಮಗೇಕ್ರೀ?’ ಎನ್ನಬಹುದು. ನವಿಲುತೀರ್ಥದಲ್ಲಿ ನಿಲ್ಲುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ. ಅಲ್ಲಿನ ಕಾಡು ಕೆಟ್ಟರೆ ಇಲ್ಲಿನ ನೀರು ಕೆಡುತ್ತದೆ.

ಬೆಂಕಿ ಹಾಕಿರೆಂದು ನಾವು ಹೇಳುತ್ತಿಲ್ಲ; ಮೀಸಲು ಅರಣ್ಯದಲ್ಲಿ ಅದು ಅಪರಾಧ. ನಮ್ಮ ಕೈಯಲ್ಲಿರುವುದು ಬೇರೆ. ನೆರಳುಮರದ ಬಂದಳಿಕೆಯನ್ನು ಹಣ್ಣಾಗುವ ಮೊದಲೇ ಟೊಂಗೆಸಹಿತ ಕಡಿಯಿಸಿರಿ. ಹಣ್ಣಾದ ಮೇಲೆ ಹಕ್ಕಿಗಳು ಬೀಜವನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ಬೇಲಿಯ ಲಂಟಾನವನ್ನು ಮಳೆಗಾಲದಲ್ಲಿ, ನೆಲ ಮೆತ್ತಗಿರುವಾಗ, ಬೇರುಸಹಿತ ಕೀಳಿಸಿರಿ. ಬರಿದೇ ಸವರಿದರೆ ಮತ್ತೆ ಚಿಗುರುತ್ತದೆ, ಕೂಲಿ ದಂಡ.