ಬಟ್ಟಲಿನ ತಳದ ಬರಹ

ಅಡಕತ್ತರಿ, ದೀಪ, ದೌತಿಗಳನ್ನು ಊರೂರು ಅಲೆದು ಕೂಡಿಸಿದ ದಿನಕರ ಕೇಳಕರರ ವಸ್ತುಸಂಗ್ರಹಾಲಯವನ್ನು ಪುಣೆಯ ವಿದ್ಯಾರ್ಥಿಗಳು ಬಲ್ಲರು. ಮನೆಬಳಕೆಯ ವಸ್ತುವೂ ಚರಿತ್ರೆಯನ್ನು ಹೇಳಬಲ್ಲುದು. ಹಳೆಯ ಜಪಾನೀ ಪಿಂಗಾಣಿಯನ್ನು ಸಂಗ್ರಹಿಸುವವರಂತೂ ಬಟ್ಟಲಿನ ಚಿತ್ರಕ್ಕಿಂತ ಮೊದಲು ಅದನ್ನು ಮಗುಚಿ ತಳವನ್ನೇ ನೋಡುತ್ತಾರೆ.

17ನೆಯ ಶತಮಾನದಲ್ಲಿ ಚೀನದೊಳಗೆ ಅಂತಃಕಲಹವೆದ್ದು ಅಲ್ಲಿನ ಪಿಂಗಾಣಿ ದುರ್ಲಭವಾದಾಗ, ಡಚ್ಚರು ಜಪಾನಿನ ಅರಿತಾ ಊರಿನ ಸರಕನ್ನು ಯುರೋಪಿಗೆ ಒಯ್ದರು. ಅದು ಸಾಗುತ್ತಿದ್ದ ಇಮಾರಿ ಬಂದರಿನ ಹೆಸರೇ ಸರಕಿಗೂ ಅಂಟಿತು. ಆಗ ದೇಶದ ಹೆಸರನ್ನು ಬರೆಯುವ ಕಟ್ಟಳೆಯಿರಲಿಲ್ಲ. ಪರದೇಶದ ಸರಕಿನ ಮೇಲೆ ಅದು ಹುಟ್ಟಿದ ನಾಡಿನ ಹೆಸರಿರಬೇಕೆಂದು ಅಮೆರಿಕವು 1890ರಲ್ಲಿ ಶಾಸನ ಮಾಡಿತು. ಜಪಾನಿಗರು ‘ನಿಪ್ಪೊನ್’ ಎಂದು ಒತ್ತಿದರು. ಅದು ಇಂಗ್ಲಿಷ್ ಶಬ್ದವಲ್ಲವೆಂದು ಅಮೆರಿಕವು ತಕರಾರು ತೆಗೆಯಲು, 1921ರಿಂದ ‘ಜಪಾನ್’ ಎಂದಾಯಿತು. ಯುದ್ಧದಲ್ಲಿ ಸೋತ ಬಳಿಕ, 1952ರವರೆಗೆ, ಕೆಲವು ಬಟ್ಟಲುಗಳ ಮೇಲೆ ‘ಆಕ್ಯುಪೈಡ್ ಜಪಾನ್’, ಎಂದರೆ ಪರಸೈನ್ಯದ ವಶದಲ್ಲಿರುವ ಜಪಾನ್, ಎಂಬ ಮುದ್ರೆ ಬಂದಿತು. ಒಂದು ರಾಷ್ಟ್ರದ ಸೋಲನ್ನು ಚಹದ ಬಟ್ಟಲಿನ ಅಡಿಯಲ್ಲಿ ಓದುವುದು ವಿಚಿತ್ರವಲ್ಲವೇ!

ಆದರೆ ಮುದ್ರೆಯೊಂದನ್ನೇ ನಂಬಲಾಗದು, ಕಳ್ಳಮುದ್ರೆಗಳೂ ಉಂಟು. ಅಮೆರಿಕಕ್ಕೆ ಹೋಗದ ಸರಕಿನಲ್ಲಿ ಮುದ್ರೆಯೇ ಇಲ್ಲದಿರಬಹುದು. ಆದುದರಿಂದ ತಳದ ಅಂಚಿನ ಸವೆತವನ್ನೂ ಕುಂಚದ ಗೆರೆಗಳನ್ನೂ ಪರೀಕ್ಷಿಸಬೇಕು.

ನಿಮ್ಮ ಅಟ್ಟದಲ್ಲಿ ಇಂತಹ ಬಟ್ಟಲು ದೊರೆತರೆ ಬೂದಿಯಿಂದ ತಿಕ್ಕಬೇಡಿರಿ. ಹೊನ್ನಿನ ಗೆರೆ ಮೆರುಗಿನ ಮೇಲಷ್ಟೇ ಕುಳಿತಿರುತ್ತದೆ, ತಿಕ್ಕಿದರೆ ಅಳಿದುಹೋಗುತ್ತದೆ.