ಕಿಸೆಯೊಳಗೊಂದು ಕಮ್ಮಾರಸಾಲೆ

ಕಿಸೆಯಲ್ಲಿ ಕತ್ತಿಯಿಟ್ಟುಕೊಂಡು ನಡೆಯುವವನನ್ನು ಕಂಡರೆ ಪೇಟೆಯ ಜನ ಈಗ ಎರಡು ಹೆಜ್ಜೆ ಹಿಂದೆ ಸರಿಯುವರು. ನಮ್ಮ ಹಿರಿಯರ ಕಾಲದಲ್ಲಿ ಹಾಗಿರಲಿಲ್ಲ. ತೋಟಕ್ಕೆ ಇಳಿಯುವವನ ಸೊಂಟದಲ್ಲಿ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಜಗಲಿಯ ಹರಿವಾಣದಲ್ಲಿ ಅಡಕತ್ತರಿ. ಮೇಷ್ಟ್ರ ಮೇಜಿನ ಮೇಲೆ ಸೀಸಕಡ್ಡಿ ಕೆತ್ತಲು ಪೇನಾಕತ್ತಿ. ನಾವು ಪೀಶಕತ್ತಿ ಎಂದು ಕರೆಯುವುದನ್ನು ನೆರೆಮನೆಯ ಮಲಯಾಳಿಗಳು ಪಿಚ್ಚಾತ್ತಿ ಎನ್ನುವರು. ಹೆಸರಿನಲ್ಲೇ ನೆಂಟಸ್ತಿಕೆ ಕೇಳಿಸುತ್ತದೆ. ಮಾಡುವ ಕೆಲಸವಂತೂ ಒಂದೇ.

ಆ ಪೀಶಕತ್ತಿಯ ಜಾಗಕ್ಕೆ ಈಗ ಬಹುಕೆಲಸದ ಮಡಚುಕತ್ತಿ ಬಂದಿದೆ. ಗಲ್ಫಿನಿಂದ ಬಂದ ಮಗನೋ ಅಳಿಯನೋ ತಂದುಕೊಟ್ಟ ಒಂದು, ಅನೇಕ ಮನೆಗಳ ಕಪಾಟಿನಲ್ಲಿ ಪೆಟ್ಟಿಗೆ ಸಹಿತ ಮಲಗಿರುತ್ತದೆ. ಅದನ್ನು ಹೊರಗೆ ತೆಗೆದು ಕೆಲಸಕ್ಕೆ ಹಚ್ಚುವುದು ಹೇಗೆ, ಎಲ್ಲಿ ಮಾತ್ರ ಹಚ್ಚಬಾರದು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಇದರ ಹುಟ್ಟು ಸೈನ್ಯದಲ್ಲಿ. ಸ್ವಿಟ್ಜರ್ಲೆಂಡಿನ ಸೈನಿಕರಿಗೆ ಹೊಸ ಬಂದೂಕು ಬಂದಾಗ ಅದನ್ನು ಬಿಚ್ಚಿ ಜೋಡಿಸಲು ಸ್ಕ್ರೂ ಡ್ರೈವರ್ ಬೇಕಾಯಿತು. ಡಬ್ಬಿಯಲ್ಲಿ ಬರುವ ಆಹಾರವನ್ನು ತೆರೆಯಲೂ ಒಂದು ಸಾಧನ ಬೇಕಾಯಿತು. ಎರಡನ್ನೂ ಕತ್ತಿಯ ಹಿಡಿಯೊಳಗೇ ಸೇರಿಸಿದರು. ಇಬಾಖ್ ಎಂಬ ಊರಿನ ಕತ್ತಿಗಾರ ಕಾರ್ಲ್ ಎಲ್ಸೆನರ್ ತನ್ನ ಕತ್ತಿಗಳನ್ನು ಸೈನ್ಯಕ್ಕೆ ಒದಗಿಸತೊಡಗಿದ್ದು 1891ರಲ್ಲಿ. ಒಂದು ಅಲಗು, ಒಂದು ದಬ್ಬಳ, ಡಬ್ಬಿ ತೆರೆಯುವ ಸಾಧನ, ಸ್ಕ್ರೂ ಡ್ರೈವರ್, ಮರದ ಹಿಡಿ – ಇಷ್ಟೇ. 1897ರಲ್ಲಿ ಆತ ಇನ್ನೊಂದು ಉಪಾಯ ಹೂಡಿದ. ಹಿಡಿಯ ಒಂದೇ ಬದಿಯಲ್ಲಿದ್ದ ಅಲಗುಗಳನ್ನು ಎರಡೂ ಬದಿಗೆ ಹಂಚಿ, ಎರಡೂ ಬದಿಯವು ಒಂದೇ ಸ್ಪ್ರಿಂಗಿನ ಬಲದಲ್ಲಿ ನಿಲ್ಲುವಂತೆ ಮಾಡಿದ. ತೂಕ ಇಳಿಯಿತು, ಕೆಲಸ ಹೆಚ್ಚಿತು. ಇದೇ ಅಧಿಕಾರಿಗಳ ಕತ್ತಿ ಎಂದು ಹೆಸರಾದದ್ದು. ತಮಾಷೆಯೆಂದರೆ ಸೈನ್ಯ ಅದನ್ನು ಅಧಿಕೃತವಾಗಿ ಕೊಳ್ಳಲಿಲ್ಲ; ಅಧಿಕಾರಿಗಳು ಸ್ವಂತ ದುಡ್ಡು ಕೊಟ್ಟು ಕೊಂಡರು. ಎಲ್ಸೆನರನ ತಾಯಿಯ ಹೆಸರು ವಿಕ್ಟೋರಿಯಾ. ಆ ಹೆಸರಿಗೆ ತುಕ್ಕು ಹಿಡಿಯದ ಉಕ್ಕನ್ನು ಸೂಚಿಸುವ ‘ಇನಾಕ್ಸ್’ ಸೇರಿ 1921ರಲ್ಲಿ ವಿಕ್ಟೋರಿನಾಕ್ಸ್ ಆಯಿತು.

ಇಕ್ಕಳವಿರುವ ಇನ್ನೊಂದು ಜಾತಿ ಇತ್ತೀಚಿನದು. ಅಮೆರಿಕದ ಟಿಮ್ ಲೆದರ್‌ಮನ್ ಎಂಬಾತ 1975ರಲ್ಲಿ ಹಳೆಯ ಫಿಯಟ್ ಕಾರೊಂದರಲ್ಲಿ ಯುರೋಪು ಸುತ್ತುತ್ತಿದ್ದ. ಕಿಸೆಯಲ್ಲಿ ಕತ್ತಿಯಿತ್ತು. ಆದರೆ ಕೆಡುತ್ತಿದ್ದ ಕಾರಿಗೂ ಸೋರುತ್ತಿದ್ದ ನಲ್ಲಿಗಳಿಗೂ ಬೇಕಾದದ್ದು ಇಕ್ಕಳ. ಊರಿಗೆ ಮರಳಿ, ವರ್ಷಗಟ್ಟಲೆ ಕುಳಿತು, ಇಕ್ಕಳವನ್ನೇ ನಡುವೆ ಇಟ್ಟು ಸುತ್ತಲೂ ಉಳಿದ ಸಾಧನಗಳನ್ನು ಮಡಚುವ ಮಾದರಿ ಮಾಡಿದ. 1980ರಲ್ಲಿ ಹಕ್ಕುಪತ್ರ ಸಿಕ್ಕಿತು, 1983ರಲ್ಲಿ ವ್ಯಾಪಾರ ಆರಂಭವಾಯಿತು.

ಕೊಳ್ಳುವವರು ಈ ಎರಡು ಜಾತಿಯ ಭೇದವನ್ನು ಮೊದಲು ತಿಳಿಯಬೇಕು. ಮನೆಯೊಳಗಿನ ಕೆಲಸಕ್ಕೆ, ಪ್ರಯಾಣಕ್ಕೆ ಆರೇಳು ಸಾಧನವಿರುವ ಹಗುರ ಮಡಚುಕತ್ತಿ ಧಾರಾಳ ಸಾಕು. ಮೋಟಾರ್ ಸೈಕಲ್, ಪಂಪುಸೆಟ್ಟು, ಸ್ಪ್ರಿಂಕ್ಲರ್ ಪೈಪುಗಳೊಡನೆ ದಿನ ಕಳೆಯುವವರಿಗೆ ಇಕ್ಕಳದ್ದೇ ಬೇಕು. ಮೂವತ್ತು ಸಾಧನಗಳಿರುವ ದಪ್ಪ ಕತ್ತಿಯನ್ನು ಆಸೆಪಟ್ಟು ಕೊಂಡರೆ ಅದು ಲುಂಗಿಯ ಮಡಿಲಲ್ಲೂ ನಿಲ್ಲದು, ಪ್ಯಾಂಟಿನ ಕಿಸೆಯನ್ನೂ ಹರಿದೀತು. ಕೊನೆಗೆ ಅದರ ಸ್ಥಾನ ಕಪಾಟೇ.

ಅಲಗಿಗಿಂತ ಹೆಚ್ಚು ಉಪಕಾರಿ ದಬ್ಬಳ ಎಂಬುದು ನನ್ನ ಅಭಿಪ್ರಾಯ. ಹಲವು ಕತ್ತಿಗಳಲ್ಲಿ ಅದಕ್ಕೊಂದು ಕಣ್ಣೂ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಹರಿದ ಟರ್ಪಾಲು, ಕಿತ್ತುಹೋದ ಶಾಲೆಯ ಚೀಲದ ಪಟ್ಟಿ ಇವುಗಳನ್ನು ದಪ್ಪ ನೂಲಿನಿಂದ ಹೊಲಿಯಲು ಬೇರೆ ಸೂಜಿ ಬೇಡ. ಸಣ್ಣ ಚಿಮುಟವಿದ್ದರೆ ಮುಳ್ಳು ತೆಗೆಯಬಹುದು. ಡಬ್ಬಿ ತೆರೆಯುವ ಅಲಗಿನ ಕಿರಿದಾದ ತುದಿಯನ್ನು ಗಮನಿಸಿರಿ. ವಿಕ್ಟೋರಿನಾಕ್ಸ್ ಕತ್ತಿಯಲ್ಲಿ ಅದು ನಾಲ್ಕುಗೀರಿನ ಸ್ಕ್ರೂಗೂ ಹೊಂದುತ್ತದೆ. ರೇಡಿಯೋದ ಹಿಂಬದಿ, ಪ್ಲಗ್ಗಿನ ಮುಚ್ಚಳ, ಕನ್ನಡಕದ ಡಬ್ಬಿ – ದಿನಕ್ಕೊಂದು ಕೆಲಸ ತಾನಾಗಿ ಸಿಗುತ್ತದೆ.

ತೋಟದಲ್ಲಿ ಮಾತ್ರ ಹಳೆಯ ಪೀಶಕತ್ತಿಯನ್ನು ಬಿಟ್ಟುಕೊಡಲಾಗದ ಒಂದು ಕೆಲಸವಿದೆ. ಕೊಳೆರೋಗಕ್ಕೆ ಮದ್ದು ಬಿಡುವ ಅಡಿಕೆ ಬೆಳೆಗಾರರಿಗೆ ಅದು ಗೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸಿದ ಮೇಲೆ, ಚೆನ್ನಾಗಿ ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಬಣ್ಣ ಕೂತರೆ ಹುಳಿ ಹೆಚ್ಚಿದೆ ಎಂದರ್ಥ. ಬಣ್ಣ ಕೂರದಾಗುವ ತನಕ ಸುಣ್ಣದ ತಿಳಿ ಸೇರಿಸಬೇಕು. ಇಲ್ಲವಾದರೆ ಎಳೆಯ ಹಿಂಗಾರ, ಕಾಯಿ ಸುಟ್ಟುಹೋದಾವು. ಈ ಪರೀಕ್ಷೆಗೆ ಹಳೆಯ ಕಬ್ಬಿಣದ ಅಲಗೇ ಆಗಬೇಕು. ತುಕ್ಕು ಹಿಡಿಯದ ಉಕ್ಕಿನ ಮೇಲೆ ತಾಮ್ರ ಸುಲಭವಾಗಿ ಕೂರದು. ಹೊಳೆಯುವ ವಿದೇಶೀ ಕತ್ತಿಯನ್ನು ಅದ್ದಿ ‘ಮದ್ದು ಸರಿಯಾಗಿದೆ’ ಎಂದುಕೊಂಡವನು ಮೋಸ ಹೋದಾನು. ಸಿಂಪಡಿಸುವಾಗ ನಾಸಿಲ್ ಕಟ್ಟಿದರೆ ಬಿಚ್ಚಲು ಇಕ್ಕಳದ ಸಾಧನ ಒದಗುತ್ತದೆ. ಕೆಲಸ ಮುಗಿದ ಕೂಡಲೇ ತೊಳೆಯಬೇಕು, ಮೈಲುತುತ್ತು ಯಾವ ಕೀಲಿಗೂ ಮಿತ್ರನಲ್ಲ.

ಹಲಸಿನ ಹಣ್ಣಿಗೆ ಮಡಚುಕತ್ತಿಯನ್ನು ತೆಗೆಯಲೇಬಾರದು. ಎಣ್ಣೆ ಹಚ್ಚಿದರೂ ಮೇಣ ಕೀಲಿನೊಳಗೆ ಇಳಿದರೆ ಮತ್ತೆ ಅದನ್ನು ಬಿಡಿಸುವುದು ಅರ್ಧ ದಿನದ ಕೆಲಸ. ಅದಕ್ಕೆ ಮೆಟ್ಟುಕತ್ತಿಯೇ ಇರಲಿ.

ಇನ್ನು ಅಪಾಯದ ವಿಷಯ. ಸಾಮಾನ್ಯ ಮಡಚುಕತ್ತಿಯ ಅಲಗಿಗೆ ಬೀಗವಿರುವುದಿಲ್ಲ, ಸ್ಪ್ರಿಂಗಿನ ಬಿಗಿಯೊಂದೇ. ಎಳೆದು ಕೊಯ್ದರೆ ತೊಂದರೆಯಿಲ್ಲ. ಮೊನೆಯಿಂದ ತಿವಿದರೆ, ಅಥವಾ ಅಲಗಿನ ಬೆನ್ನನ್ನು ಒತ್ತಿದರೆ ಅದು ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ. ಮಕ್ಕಳ ಕೈಗೆ ಕೊಡುವ ಮೊದಲು ಇದನ್ನು ಎರಡು ಬಾರಿ ಮಾಡಿ ತೋರಿಸಬೇಕು. ಮೊಂಡಾದ ಅಲಗು ಹರಿತವಾದುದಕ್ಕಿಂತ ಕೆಟ್ಟದ್ದು, ಏಕೆಂದರೆ ಕೈ ಬಲ ಹಾಕುತ್ತದೆ.

ಇಕ್ಕಳದ ಸಾಧನದ ಹಿಡಿ ಬರಿಯ ಉಕ್ಕು. ಎಲೆಕ್ಟ್ರೀಶಿಯನ್ನರ ಇಕ್ಕಳದಂತೆ ಅದಕ್ಕೆ ರಬ್ಬರಿನ ಹೊದಿಕೆಯಿಲ್ಲ. ನಮ್ಮ ಆಷಾಢದ ರಾತ್ರಿಗಳು ಹೇಗಿರುತ್ತವೆಂದು ಹೇಳಬೇಕಾಗಿಲ್ಲ: ಗಾಳಿ, ಮರದ ಗೆಲ್ಲು, ಕತ್ತಲು, ಒದ್ದೆ ನೆಲ, ಫ್ಯೂಸ್ ಹೋಗಿರುವ ಮನೆ. ಆ ಹೊತ್ತಿಗೆ ಕಿಸೆಯಲ್ಲಿ ಇಕ್ಕಳವಿದೆಯೆಂಬ ಧೈರ್ಯವೇ ಪ್ರಾಣಕ್ಕೆ ಕುತ್ತಾದೀತು. ಮೈನ್ ಸ್ವಿಚ್ ಆರಿಸದೆ ಅದನ್ನು ತಂತಿಯ ಹತ್ತಿರ ಒಯ್ಯಬಾರದು. ಅಂಗಳದಲ್ಲಿ ತಂತಿ ಹರಿದು ಬಿದ್ದಿದ್ದರೆ ಮುಟ್ಟುವ ಮಾತೇ ಬೇಡ. ಯಾರೂ ಹತ್ತಿರ ಸುಳಿಯದಂತೆ ನೋಡಿಕೊಂಡು ವಿದ್ಯುತ್ ಕಚೇರಿಗೆ ತಿಳಿಸಿರಿ.

ಇದಕ್ಕಿಂತಲೂ ಮುಖ್ಯವಾದುದು ಹಾವಿನ ವಿಷಯ. ಹಾವು ಕಚ್ಚಿದ ಜಾಗವನ್ನು ಕತ್ತಿಯಿಂದ ಗೀರಿ ರಕ್ತ ಹರಿಸುವ ಕ್ರಮ ಹಳಬರಲ್ಲಿತ್ತು. ಕಿಸೆಯಲ್ಲಿ ಕತ್ತಿಯಿರುವವನಿಗೆ ಗಾಬರಿಯಲ್ಲಿ ಮೊದಲು ಹೊಳೆಯುವುದೂ ಅದೇ. ಗೀರುವುದರಿಂದ ವಿಷ ಹೊರಗೆ ಬರುವುದಿಲ್ಲ. ಕೊಳಕುಮಂಡಲದ ವಿಷವು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುವುದರಿಂದ, ನಾವು ಮಾಡಿದ ಗಾಯ ನಿಲ್ಲದೆ ಸುರಿಯಬಹುದು. ಕೀವು ಕಟ್ಟುವ ಭಯ ಬೇರೆ. ಬಿಗಿಯಾಗಿ ಹಗ್ಗ ಕಟ್ಟುವುದೂ ಸಲ್ಲದು. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ, ಉಂಗುರ, ಬಳೆ, ಕಾಲ್ಗೆಜ್ಜೆಗಳನ್ನು ಊತ ಬರುವ ಮೊದಲೇ ತೆಗೆದು, ಪ್ರತಿವಿಷವಿರುವ ಆಸ್ಪತ್ರೆಗೆ ಹೊತ್ತೊಯ್ಯಬೇಕು. ಉಂಗುರ ಬಿಗಿಯಾಗಿದ್ದರೆ ಸಾಬೂನು ಹಚ್ಚಿರಿ. ಕತ್ತಿ ಕಿಸೆಯಲ್ಲೇ ಇರಲಿ.

ಆರೈಕೆ ದೊಡ್ಡದೇನಲ್ಲ. ತುಕ್ಕು ಹಿಡಿಯದ ಉಕ್ಕೆಂದರೆ ತುಕ್ಕು ಕಡಿಮೆ ಹಿಡಿಯುವುದು ಎಂದಷ್ಟೇ ಅರ್ಥ, ಅದರಲ್ಲೂ ನಮ್ಮ ಕಡಲ ಕರೆಯ ಉಪ್ಪುಗಾಳಿಗೆ. ತಿಂಗಳಿಗೊಮ್ಮೆ ಬಿಸಿನೀರಿನಲ್ಲಿ ಎಲ್ಲ ಅಲಗುಗಳನ್ನೂ ಹತ್ತು ಬಾರಿ ತೆರೆದು ಮುಚ್ಚಿ, ಒಣಗಿಸಿ, ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದೊಂದು ತೊಟ್ಟು ಬಿಟ್ಟರೆ ಸಾಕು. ಹಣ್ಣು ಕೊಯ್ಯುವ ಅಲಗನ್ನು ಬಳಿಕ ಒರೆಸಿಕೊಳ್ಳಿರಿ. ಸಾಣೆ ಹಿಡಿಯಲು ನಯವಾದ ಕಲ್ಲು ಬೇಕು. ಹಿತ್ತಲಿನ ಮುರಕಲ್ಲಿಗೆ ಉಜ್ಜಿದರೆ ಅಲಗು ಗರಗಸವಾಗುತ್ತದೆ.

ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ವಿಮಾನ ಹತ್ತುವವರು ಹೊರಡುವ ಮುನ್ನಾದಿನವೇ ಕಿಸೆ ತಡವಿಕೊಳ್ಳಬೇಕು. ವಿಮಾನದೊಳಗೆ ಕೈಚೀಲದಲ್ಲಿ ಕತ್ತಿ ಒಯ್ಯುವಂತಿಲ್ಲ, ಎಷ್ಟೇ ಚಿಕ್ಕದಾದರೂ ತಪಾಸಣೆಯವರು ತೆಗೆದಿರಿಸುವರು. ಸಾಮಾನಿನ ಜೊತೆ ಕೊಡುವ ದೊಡ್ಡ ಪೆಟ್ಟಿಗೆಯಲ್ಲಿ, ಬಟ್ಟೆಗಳ ನಡುವೆ ಸುತ್ತಿ ಇಟ್ಟರಾಯಿತು.