ಪದ ಕೆಡದಂತೆ ಹಾಡುವುದು: ಎಫ್ರೆಮ್ ಅಮು ಅವರಿಂದ ಒಂದು ಪಾಠ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ವಲಯಗಳ ಧರ್ಮಕೇಂದ್ರಗಳಲ್ಲಿ ಪ್ರತಿ ಭಾನುವಾರ ಬಲಿಪೂಜೆಗೆ ಹಾಡುವ ಗಾಯನ ವೃಂದಗಳಿಗೆ ಉಪಯೋಗವಾಗಬಹುದಾದ ಒಂದು ಜೀವನವನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ. ಅದು ಪಶ್ಚಿಮ ಆಫ್ರಿಕಾದ ಘಾನಾ ದೇಶದ ಸಂಗೀತ ರಚನಕಾರ ಎಫ್ರೆಮ್ ಅಮು (1899-1995) ಅವರದು. ಅವರು ಪ್ರೆಸ್ಬಿಟೇರಿಯನ್ ಸಭೆಗೆ ಸೇರಿದವರು. ಆದರೂ ಕರಾವಳಿಯವರಾದ ನಮಗೆ ಅವರ ಕಥೆ ತೀರಾ ದೂರದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1828ರಲ್ಲಿಯೇ ಇಂದಿನ ಘಾನಾಕ್ಕೆ ಕಾಲಿಟ್ಟಿತ್ತು. ಅಮು ಶಿಕ್ಷಕ ತರಬೇತಿ ಪಡೆದದ್ದು ಅದೇ ಮಿಷನ್ ಅಬೆಟಿಫಿಯಲ್ಲಿ ಸ್ಥಾಪಿಸಿದ್ದ ಸೆಮಿನರಿಯಲ್ಲಿ.

1920ರಲ್ಲಿ ಹುಟ್ಟೂರಾದ ಪೆಕಿಯಲ್ಲಿ ಅವರು ಶಿಕ್ಷಕರಾದರು. ಒಬ್ಬ ಮೆಥಡಿಸ್ಟ್ ಪಾದ್ರಿಯಿಂದ ಪಾಶ್ಚಾತ್ಯ ಸಂಗೀತದ ಪಾಠ ಹೇಳಿಸಿಕೊಂಡರು. ದೂರದ ಪೇಟೆಯಲ್ಲಿ ಕೊಂಡ ಆರ್ಗನ್ ವಾದ್ಯವನ್ನು ತಲೆಯ ಮೇಲೆ ಹೊತ್ತು ಊರಿಗೆ ನಡೆದು ಬಂದರೆಂದರೆ ಅವರ ಕಲಿಯುವ ಹಂಬಲ ನಮಗೆ ಅರ್ಥವಾಗುತ್ತದೆ.

1926ರಲ್ಲಿ ಅಕ್ರೊಪಾಂಗ್ ತರಬೇತಿ ಕಾಲೇಜಿಗೆ ಬಂದ ಅವರು ಜನಪದ ಹಾಡುಗಳ ಕಡೆಗೆ ತಿರುಗಿದರು. ಇದಕ್ಕೆ ಬಲವಾದ ಕಾರಣವಿತ್ತು. ಅಲ್ಲಿನ ಟ್ವಿ ಮತ್ತು ಎವೆ ಭಾಷೆಗಳಲ್ಲಿ ಧ್ವನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಯುರೋಪಿನ ರಾಗಕ್ಕೆ ಅನುವಾದದ ಪದಗಳನ್ನು ಜೋಡಿಸಿದಾಗ ಪ್ರಾರ್ಥನೆಯ ಅರ್ಥ ಕೆಡುತ್ತಿತ್ತು. ಆದ್ದರಿಂದ ಅಮು ಮಾತಿನ ಏರಿಳಿತವನ್ನೇ ಅನುಸರಿಸಿ ರಾಗ ಕಟ್ಟಿದರು. ಬಿದಿರಿನ ಕೊಳಲಿಗೂ ಡೋಲಿಗೂ ಸ್ಥಾನ ಕೊಟ್ಟರು. ದೇಶೀಯ ಉಡುಪಿನಲ್ಲಿ ಪ್ರವಚನ ಪೀಠವನ್ನೇರಿದ್ದು ಆಡಳಿತದವರಿಗೆ ಸಹಿಸಲಾಗಲಿಲ್ಲ. 1933ರಲ್ಲಿ ಅವರು ಕೆಲಸ ಕಳೆದುಕೊಂಡರು. ಆದರೆ ಎದೆಗುಂದಲಿಲ್ಲ; ಅಚಿಮೋಟಾ ಕಾಲೇಜಿನಲ್ಲಿ ಬೋಧಿಸಿದರು, 1937ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಪರರ ವಿದ್ಯೆಯನ್ನು ಅವರು ತಿರಸ್ಕರಿಸಲಿಲ್ಲ, ತಮ್ಮ ಭಾಷೆಯ ಸೇವೆಗೆ ಬಳಸಿಕೊಂಡರು.

ಮುಂದೆ 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪವಿತ್ರ ಆರಾಧನಾ ವಿಧಿ ಕುರಿತ ಸಂವಿಧಾನದ 119ನೇ ಪರಿಚ್ಛೇದದಲ್ಲಿ, ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದು ತಿಳಿಸಿತು.

ಕನ್ನಡದಲ್ಲಿ ಧ್ವನಿಯ ಏರಿಳಿತದಿಂದ ಪದದ ಅರ್ಥ ಬದಲಾಗುವುದಿಲ್ಲ, ನಿಜ. ಆದರೆ ಹ್ರಸ್ವ, ದೀರ್ಘಗಳಿಂದ ಬದಲಾಗುತ್ತದೆ. 'ಮನ' ಎಂಬುದನ್ನು ರಾಗಕ್ಕಾಗಿ ಎಳೆದರೆ 'ಮಾನ'ವಾಗುತ್ತದೆ. ದೇವರ 'ಬಲ' ಬೇಡುವ ಭಕ್ತನ ಬಾಯಲ್ಲಿ 'ಬಾಲ' ಬರುತ್ತದೆ! ಪೀಠದ ಮುಂದೆ ನಿಂತ ನಾವು ಏನು ಬೇಡುತ್ತಿದ್ದೇವೆ ಎಂಬುದೇ ಇಲ್ಲಿರುವ ಪ್ರಶ್ನೆ.

ಆದ್ದರಿಂದ ಗಾಯನ ವೃಂದದ ಮುಖ್ಯಸ್ಥರಲ್ಲಿ ನಮ್ಮ ವಿನಂತಿ ಇಷ್ಟೇ. ಹೊಸ ಹಾಡನ್ನು ಕಲಿಸುವ ಮೊದಲು ಸಾಹಿತ್ಯವನ್ನು ಎಲ್ಲರೂ ಗಟ್ಟಿಯಾಗಿ ಓದಲಿ. ದೀರ್ಘ ಸ್ವರವು ದೀರ್ಘಾಕ್ಷರದ ಮೇಲೆ ಬೀಳುತ್ತದೆಯೇ ನೋಡಿರಿ. ಪದದ ನಡುವೆ ಉಸಿರು ತುಂಡಾಗದಿರಲಿ. ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಗೂ ಪ್ರತಿಯೊಂದು ಪದ ತಿಳಿದರೆ, ಆಗ ಹಾಡು ಇಡೀ ಸಭೆಯ ಪ್ರಾರ್ಥನೆಯಾಗುತ್ತದೆ.